ಆಟದ ಯಂತ್ರಗಳೂ ಆಟ ರಚಿಸುವವರೂ

ಬನಶಂಕರಿಯ ಜಾತ್ರೆಯನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬನದ ಹುಣ್ಣಿಮೆಯ ಸುಮಾರಿಗೆ ಅಲ್ಲಿ ಹಲವು ನಾಟಕ ಕಂಪನಿಗಳು ಒಂದರ ಮಗ್ಗುಲಲ್ಲೊಂದು ತಗಡಿನ ಥಿಯೇಟರು ಹಾಕಿಕೊಂಡು ತಿಂಗಳುಗಟ್ಟಲೆ ಆಟವಾಡುತ್ತವೆ. ಥಿಯೇಟರು ಎಷ್ಟೇ ವಿಶಾಲವಾಗಿರಲಿ, ಪರದೆಗಳು ಎಷ್ಟೇ ಬೆಡಗಿನವಾಗಿರಲಿ, ಜನರು ಟಿಕೆಟು ಕೊಳ್ಳುವುದು ತಗಡನ್ನು ನೋಡಲಿಕ್ಕಲ್ಲ; ಒಳಗೆ ಯಾವ ನಾಟಕವಿದೆಯೆಂದು ಕೇಳಿಯೇ ಒಳಹೋಗುತ್ತಾರೆ. ಒಳ್ಳೆಯ ನಾಟಕವನ್ನು ಬರೆದುಕೊಡುವ ಕಂಪನಿಯ ಕವಿಯು ಮುನಿದು ನೆರೆಯ ಕಂಪನಿಗೆ ಹೋದನೆಂದರೆ, ಮುಂದಿನ ಜಾತ್ರೆಗೆ ಪ್ರೇಕ್ಷಕರೂ ಅತ್ತಲೇ ಸರಿಯುತ್ತಾರೆ.

ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಕಲಬುರಗಿಯಿಂದ ರಜೆಗೆಂದು ಊರಿಗೆ ಬಂದಿದ್ದ ಹುಡುಗರಿಬ್ಬರು, ಪ್ಲೇಸ್ಟೇಷನ್ ಮೇಲೋ ಎಕ್ಸ್‌ಬಾಕ್ಸ್ ಮೇಲೋ ಎಂದು ನನ್ನೆದುರಿಗೇ ವಾದಕ್ಕೆ ನಿಂತರು. ಒಬ್ಬನು ಯಂತ್ರದ ವೇಗವನ್ನು ಹೊಗಳಿದರೆ ಇನ್ನೊಬ್ಬನು ಚಿತ್ರದ ಸ್ಪಷ್ಟತೆಯನ್ನು ಹೊಗಳಿದನು. ಛಂದಸ್ಸು, ಅಲಂಕಾರಗಳ ಬೋಧನೆಯಲ್ಲಿಯೇ ಕಾಲ ಕಳೆದ ನನಗೆ ಆ ಯಂತ್ರಗಳ ಪರಿಚಯವಿರಲಿಲ್ಲ. ಕುತೂಹಲದಿಂದ ಅವುಗಳ ಚರಿತ್ರೆಯನ್ನು ಓದಿನೋಡಿದೆ. ಹುಡುಗರಿಬ್ಬರೂ ತಗಡನ್ನು ಕುರಿತು ವಾದಿಸುತ್ತಿದ್ದರೆಂದೂ ನಾಟಕವನ್ನು ಮರೆತಿದ್ದರೆಂದೂ ಆಗ ಮನವರಿಕೆಯಾಯಿತು.

ಆಟದ ವಿಷಯವು ಹಗುರವಾದುದೆಂದು ವಾಚಕರು ಭಾವಿಸಬಾರದು. ನಮ್ಮ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೊಂದು, ಕ್ರೀಡೆಗಳಿಗೊಂದು ವಿಂಶತಿಯನ್ನೇ ಮೀಸಲಿರಿಸಿದ್ದಾನೆ.

ಗೇಮ್ ಕನ್ಸೋಲ್ ಎಂಬುದು ಟೆಲಿವಿಷನ್ನಿಗೆ ಜೋಡಿಸಿ ಆಡುವ ಒಂದು ಬಗೆಯ ಗಣಕಯಂತ್ರ. ಅದಕ್ಕೆ ಬೇಕಾದ ಆಟವನ್ನು ಮೊದಲು ಕಾರ್ಟ್ರಿಜ್ ಎಂಬ ಡಬ್ಬಿಯಲ್ಲಿ, ಆಮೇಲೆ ತಟ್ಟೆಯಲ್ಲಿ ಮಾರುತ್ತಿದ್ದರು. ಈಗ ಬಹುಮಟ್ಟಿಗೆ ಇಂಟರ್‌ನೆಟ್ಟಿನ ಮೂಲಕ ಇಳಿಸಿಕೊಳ್ಳುತ್ತಾರೆ. ಆಟಗಳಲ್ಲಿ ಕೆಲವನ್ನು ಯಂತ್ರ ತಯಾರಿಸಿದವರೇ ರಚಿಸುತ್ತಾರೆ. ಉಳಿದವೆಲ್ಲ ಹೊರಗಿನ ರಚನಕಾರರವು. ವ್ಯಾಪಾರದ ಭಾಷೆಯಲ್ಲಿ ಇವರಿಗೆ ‘ಥರ್ಡ್ ಪಾರ್ಟಿ’ ಎಂದು ಹೆಸರು. ಯಂತ್ರವನ್ನು ಅಲ್ಪ ಲಾಭಕ್ಕೆ, ಎಷ್ಟೋ ವೇಳೆ ನಷ್ಟಕ್ಕೇ ಮಾರುವುದುಂಟು. ಆ ಬಳಿಕ ಮಾರಾಟವಾಗುವ ಒಂದೊಂದು ಆಟದ ಮೇಲೂ ಹೊರಗಿನವರಿಂದ ಪಾಲು ಪಡೆದು ಆ ನಷ್ಟವನ್ನು ತುಂಬಿಕೊಳ್ಳುತ್ತಾರೆ. ಇಂದಿನ ಇಂಟರ್‌ನೆಟ್ ಅಂಗಡಿಗಳಲ್ಲಿ ಈ ಪಾಲು ಸಾಮಾನ್ಯವಾಗಿ ನೂರಕ್ಕೆ ೩೦ರಷ್ಟಿರುತ್ತದೆ. ಆದುದರಿಂದ ಹೊರಗಿನವರು ಬಾರದಿದ್ದರೆ ಯಂತ್ರದವನಿಗೆ ಎರಡು ಕಡೆಯಿಂದಲೂ ಪೆಟ್ಟು: ಆಟವಿಲ್ಲದೆ ಯಂತ್ರ ಮಾರಾಟವಾಗದು, ಮಾರಾಟವಾದ ಯಂತ್ರದಿಂದ ಪಾಲು ಬಾರದು.

ಈ ಪಾಠವನ್ನು ಮೊದಲು ಕಲಿತದ್ದು ಅಮೆರಿಕದ ಅಟಾರಿ ಕಂಪನಿ. ೧೯೭೭ರಲ್ಲಿ ಅದು ಹೊರತಂದ ಯಂತ್ರವು ಮನೆಮನೆಗಳನ್ನು ಹೊಕ್ಕಿತು. ಆಗ ಹೊರಗಿನವರೆಂಬ ವರ್ಗವೇ ಇರಲಿಲ್ಲ. ಆಟಗಳೆಲ್ಲ ಕಂಪನಿಯ ಸಂಬಳದಾಳುಗಳ ಕೃತಿಗಳು. ಡಬ್ಬಿಯ ಮೇಲೆ ರಚಿಸಿದವನ ಹೆಸರಿಲ್ಲ, ಲಾಭದಲ್ಲಿ ಪಾಲಿಲ್ಲ. ವಾರನ್ ರಾಬಿನೆಟ್ ಎಂಬವನು ತನ್ನ ‘ಅಡ್ವೆಂಚರ್’ ಎಂಬ ಆಟದೊಳಗೆ ಗುಟ್ಟಾದ ಒಂದು ಕೋಣೆಯನ್ನು ನಿರ್ಮಿಸಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟನು! ಒಡೆಯರಿಗೆ ಇದು ತಿಳಿದದ್ದು ಅವನು ಕೆಲಸ ಬಿಟ್ಟುಹೋದ ಮೇಲೆ. ಅಂಕಿತದಿಂದಲೇ ವಚನದ ಕರ್ತೃವನ್ನು ಗುರುತಿಸುವ ನಾಡಿನವರಾದ ನಮಗೆ ಅವನ ಸಂಕಟ ಅರ್ಥವಾಗದೆ ಇರಲಾರದು.

ಇನ್ನು ನಾಲ್ವರು ಗುಟ್ಟಾಗಿ ಬರೆಯದೆ ನೇರವಾಗಿ ಕೇಳಿದರು. ಡೇವಿಡ್ ಕ್ರೇನ್, ಅಲನ್ ಮಿಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲನ್ ಎಂಬ ಈ ನಾಲ್ವರ ಆಟಗಳಿಂದ ಕಂಪನಿಗೆ ಬರುತ್ತಿದ್ದ ಹಣ ಕೋಟಿಗಟ್ಟಲೆ. ಅವರ ಸಂಬಳವೋ ಸಾಧಾರಣವಾದುದು. ಡಬ್ಬಿಗಳನ್ನು ಜೋಡಿಸುವ ಕೆಲಸಗಾರರಿಗಿಂತ ನೀವೇನೂ ಹೆಚ್ಚಲ್ಲವೆಂಬ ಅರ್ಥದ ಉತ್ತರ ಮೇಲಿನಿಂದ ಬಂದಿತೆಂದು ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ. ನಾಲ್ವರೂ ಹೊರಬಂದರು. ೧೯೭೯ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆ ಹುಟ್ಟಿತು. ಅಟಾರಿಯ ಯಂತ್ರಕ್ಕೇ ಹೊರಗಿನಿಂದ ಆಟ ರಚಿಸಿ, ರಚಿಸಿದವರ ಹೆಸರನ್ನು ಮೇಲೆ ಅಚ್ಚುಹಾಕಿ ಮಾರಿದ ಮೊದಲ ಸಂಸ್ಥೆ ಇದು. ಅಟಾರಿ ನ್ಯಾಯಾಲಯದ ಮೆಟ್ಟಿಲೇರಿತು. ೧೯೮೨ರಲ್ಲಿ ರಾಜಿಯಾಗಿ, ಹೊರಗಿನವರು ಪಾಲು ಕೊಟ್ಟು ಆಟ ರಚಿಸಬಹುದೆಂಬ ದಾರಿ ತೆರೆಯಿತು.

ಕಟ್ಟೆಯೊಡೆದ ಕೆರೆಗೆ ಅಳತೆಯೆಲ್ಲಿ? ಆಟದ ಗಂಧವರಿಯದ ಸಂಸ್ಥೆಗಳೂ ಆಟ ತಯಾರಿಸಿ ಅಂಗಡಿಗಳನ್ನು ತುಂಬಿದವು. ಕಳಪೆ ಮಾಲನ್ನು ಕಂಡು ಕೊಳ್ಳುವವರಿಗೆ ಬೇಸರ ಬಂದಿತು. ೧೯೮೩ರಲ್ಲಿ ಸುಮಾರು ೩೨೦ ಕೋಟಿ ಡಾಲರುಗಳಷ್ಟಿದ್ದ ಅಮೆರಿಕದ ವಹಿವಾಟು ೧೯೮೫ರ ಹೊತ್ತಿಗೆ ೧೦ ಕೋಟಿಯ ಆಸುಪಾಸಿಗೆ ಕುಸಿಯಿತು. ಮಾರಾಟವಾಗದ ಡಬ್ಬಿಗಳನ್ನು ಅಟಾರಿಯು ೧೯೮೩ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮಗಾರ್ಡೊ ಎಂಬಲ್ಲಿ ಹೂಳಿಸಿತು. ೨೦೧೪ರಲ್ಲಿ ಅಗೆದು ನೋಡಿದವರಿಗೆ ಅವು ಹಾಗೆಯೇ ಸಿಕ್ಕವು.

ಈ ಹಾಳುನೆಲದ ಮೇಲೆ ಬಂದು ನಿಂತದ್ದು ಜಪಾನಿನ ನಿಂಟೆಂಡೊ. ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ಮಾಡಲೆಂದು ಹುಟ್ಟಿದ ಮನೆತನದ ಕಸಬು ಅದು. (ನಮ್ಮಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಗಂಜೀಫಾ ಎಲೆಗಳು ಇನ್ನೂ ಸೊಗಸಾಗಿ ಬೆಳೆದವು. ಆ ಎಲೆಗಳು ಇಂದು ಕಲಾಕೃತಿಗಳಾಗಿ ಗೋಡೆಯನ್ನು ಸೇರಿವೆ. ಕ್ಯೋಟೋದವರು ಎಲೆಯಿಂದ ಯಂತ್ರಕ್ಕೆ ನಡೆದರು. ಏಕೆ ಹೀಗಾಯಿತೆಂಬುದು ಬೇರೊಂದು ಲೇಖನದ ವಸ್ತು.) ೧೯೮೩ರಲ್ಲಿ ಜಪಾನಿನಲ್ಲಿ, ೧೯೮೫ರಲ್ಲಿ ಅಮೆರಿಕದಲ್ಲಿ ನಿಂಟೆಂಡೊ ತನ್ನ ಯಂತ್ರವನ್ನು ಹೊರತಂದಿತು. ಅಟಾರಿಯ ಗತಿಯನ್ನು ಕಂಡಿದ್ದ ಅದು ಅಮೆರಿಕದ ಯಂತ್ರದೊಳಗೊಂದು, ಡಬ್ಬಿಯೊಳಗೊಂದು ಚಿಪ್ಪನ್ನಿರಿಸಿತು. ಎರಡೂ ಪರಸ್ಪರ ಗುರುತು ಹಿಡಿದರಷ್ಟೇ ಆಟ ನಡೆಯುವುದು. ಪರವಾನಗಿಯ ಷರತ್ತುಗಳೋ ಬಲು ಬಿಗಿ: ವರುಷಕ್ಕೆ ಐದೇ ಆಟ, ಆ ಆಟವನ್ನು ಎರಡು ವರುಷ ಬೇರೆ ಯಂತ್ರಕ್ಕೆ ಕೊಡಕೂಡದು, ಡಬ್ಬಿಗಳನ್ನು ನಿಂಟೆಂಡೊ ತಾನೇ ತಯಾರಿಸುವುದು, ಅವುಗಳ ಹಣವನ್ನು ರಚನಕಾರನು ಮುಂಗಡವಾಗಿ ತೆರುವುದು. ಕೊನಾಮಿ ಎಂಬ ಸಂಸ್ಥೆಯು ಐದರ ಮಿತಿಯನ್ನು ದಾಟಲು ಅಲ್ಟ್ರಾ ಎಂಬ ಇನ್ನೊಂದು ಹೆಸರಿನ ಅಂಗಡಿಯನ್ನೇ ತೆರೆಯಬೇಕಾಯಿತು. ಕಳಪೆಯನ್ನು ತಡೆದದ್ದು ನಿಂಟೆಂಡೊದ ಗುಣ. ತಡೆಯುವ ಕೈಯೇ ಹಿಂಡುವ ಕೈಯಾದುದು ಅದರ ದೋಷ. ಗೌಡನ ಗಾಣ ಒಂದೇ ಇರುವಷ್ಟು ದಿನ ಊರವರು ಸುಮ್ಮನಿರುತ್ತಾರೆ. ಎರಡನೆಯ ಗಾಣ ಬಂದ ದಿನ ಹಳೆಯ ಲೆಕ್ಕವೆಲ್ಲ ನೆನಪಾಗುತ್ತದೆ.

ಎರಡನೆಯ ಗಾಣವಾಗಿ ಬಂದದ್ದು ಸೆಗಾ. ಅದರ ಮೆಗಾ ಡ್ರೈವ್ ಯಂತ್ರವು ೧೯೮೮ರಲ್ಲಿ ಜಪಾನಿಗೂ ೧೯೮೯ರಲ್ಲಿ ಜೆನೆಸಿಸ್ ಎಂಬ ಹೆಸರಿನಿಂದ ಅಮೆರಿಕಕ್ಕೂ ಬಂದಿತು. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಸಂಸ್ಥೆಯು ಆ ಯಂತ್ರವನ್ನು ಬಿಚ್ಚಿ ಅದರ ಮರ್ಮವನ್ನು ತಾನಾಗಿಯೇ ಅರಿತುಕೊಂಡು, ಪರವಾನಗಿಯಿಲ್ಲದೆಯೂ ಆಟ ಮಾಡಬಲ್ಲೆನೆಂದು ೧೯೯೦ರಲ್ಲಿ ಸೆಗಾದ ಮುಂದೆ ನಿಂತಿತು. ಜಗಳಕ್ಕಿಂತ ರಾಜಿ ಲೇಸೆಂದು ಸೆಗಾ ಕಡಿಮೆ ಪಾಲಿಗೆ ಒಪ್ಪಿತು. ಆ ಸಂಸ್ಥೆಯ ಕ್ರೀಡೆಯ ಆಟಗಳಿಂದಲೂ, ೧೯೯೧ರಲ್ಲಿ ಸೆಗಾ ತಾನೇ ರಚಿಸಿದ ‘ಸಾನಿಕ್’ ಎಂಬ ಮುಳ್ಳುಹಂದಿಯ ಆಟದಿಂದಲೂ ಯಂತ್ರಕ್ಕೆ ಜೀವ ಬಂದಿತು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿರಿಸಿಕೊಳ್ಳಬೇಕು. ಹತ್ತು ವರುಷಗಳ ಅನಂತರ ಇದು ಮತ್ತೆ ಬರುತ್ತದೆ.

ಮೂರನೆಯವನು ಸೋನಿ. ನಿಂಟೆಂಡೊದ ಯಂತ್ರಕ್ಕೆ ಸಿ.ಡಿ. ಜೋಡಿಸುವ ಒಪ್ಪಂದ ಅವರಿಬ್ಬರ ನಡುವೆ ಇತ್ತು. ೧೯೯೧ರಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಸೋನಿ ಅದನ್ನು ಸಾರಿದ ಮರುದಿನವೇ ನಿಂಟೆಂಡೊ ಅಲ್ಲಿಯೇ ಫಿಲಿಪ್ಸ್ ಕಂಪನಿಯ ಕೈಹಿಡಿದೆನೆಂದು ಪ್ರಕಟಿಸಿತು. ಸಭೆಯ ನಡುವೆ ಆದ ಈ ಅವಮಾನದಿಂದ ಹುಟ್ಟಿದ್ದು ಪ್ಲೇಸ್ಟೇಷನ್. ಅದರ ಜನಕ ಕೆನ್ ಕುತರಗಿ ಎಂಬ ಎಂಜಿನಿಯರು. ಅದು ೧೯೯೪ರ ಡಿಸೆಂಬರ್ ೩ರಂದು ಜಪಾನಿನ ಅಂಗಡಿಗಳಿಗೆ ಬಂದಿತು. ಸೋನಿಗೆ ಸ್ವಂತ ಆಟಗಳು ಕಡಿಮೆ. ಆದುದರಿಂದ ಹೊರಗಿನವರನ್ನು ಅದು ಮನೆಗೆ ಬಂದ ನೆಂಟರಂತೆ ಕಂಡಿತು. ತಟ್ಟೆ ಅಗ್ಗ, ಬೇಡಿಕೆ ಬಂದಂತೆ ಬೇಗನೆ ಅಚ್ಚುಹಾಕಬಹುದು, ಸಾವಿರಾರು ಡಬ್ಬಿಗಳಿಗೆ ಮುಂಗಡ ತೆತ್ತು ಕೂಡಬೇಕಾಗಿಲ್ಲ. ನಿಂಟೆಂಡೊ ಮಾತ್ರ ೧೯೯೬ರ ತನ್ನ ಹೊಸ ಯಂತ್ರಕ್ಕೂ ಡಬ್ಬಿಯನ್ನೇ ಉಳಿಸಿಕೊಂಡಿತು. ಆ ಡಬ್ಬಿಯಲ್ಲಿ ಹೆಚ್ಚೆಂದರೆ ೬೪ ಮೆಗಾಬೈಟು ಹಿಡಿದರೆ, ತಟ್ಟೆಯಲ್ಲಿ ಸುಮಾರು ೬೫೦ ಹಿಡಿಯುತ್ತಿತ್ತು. ಅಲ್ಲಿಯವರೆಗೆ ನಿಂಟೆಂಡೊಗೇ ಕಥನದ ಆಟಗಳನ್ನು ರಚಿಸುತ್ತ ಬಂದಿದ್ದ ಸ್ಕ್ವೇರ್ ಎಂಬ ಸಂಸ್ಥೆಯು ಈ ಕಾರಣದಿಂದಲೇ ಸೋನಿಯ ಕಡೆಗೆ ನಡೆಯಿತು. ಅದರ ‘ಫೈನಲ್ ಫ್ಯಾಂಟಸಿ’ಯ ಏಳನೆಯ ಭಾಗವು ೧೯೯೭ರಲ್ಲಿ ಮೂರು ತಟ್ಟೆಗಳಲ್ಲಿ ಹೊರಬಂದಿತು. ಕಂಪನಿಯ ಕವಿ ಥಿಯೇಟರು ಬದಲಿಸಿದ್ದ. ಕೊನೆಯ ಎಣಿಕೆಯಲ್ಲಿ ಪ್ಲೇಸ್ಟೇಷನ್ ೧೦ ಕೋಟಿಗೂ ಮಿಕ್ಕು ಮಾರಾಟವಾದರೆ ನಿಂಟೆಂಡೊದ ಯಂತ್ರವು ೩ ಕೋಟಿ ೩೦ ಲಕ್ಷದ ಸಮೀಪ ನಿಂತಿತು.

ಈ ಇಡೀ ಚರಿತ್ರೆಯಲ್ಲಿ ಕರುಣರಸಕ್ಕೆ ಎಡೆಯಿರುವುದು ಸೆಗಾದ ಪತನದಲ್ಲಿ. ಮೆಗಾ ಡ್ರೈವ್‌ಗೆ ಮೊದಲು ಸಿ.ಡಿ.ಯ ಜೋಡಣೆ ಬಂದಿತು. ೧೯೯೪ರಲ್ಲಿ ೩೨ಎಕ್ಸ್ ಎಂಬ ಇನ್ನೊಂದು ಜೋಡಣೆ ಬಂದಿತು. ಅದೇ ವರುಷ ಸ್ಯಾಟರ್ನ್ ಎಂಬ ಹೊಸ ಯಂತ್ರವೇ ಬಂದಿತು. ಯಾವುದಕ್ಕೆ ಆಟ ರಚಿಸಬೇಕೆಂದು ಹೊರಗಿನವರು ತಬ್ಬಿಬ್ಬಾದರು. ಅಮೆರಿಕದಲ್ಲಿ ಸ್ಯಾಟರ್ನ್ ೧೯೯೫ರ ಸೆಪ್ಟೆಂಬರಿನಲ್ಲಿ ಬರುವುದೆಂದು ಸಾರಿದ್ದ ಕಂಪನಿಯು ಮೇ ತಿಂಗಳ ಪ್ರದರ್ಶನದಲ್ಲಿ, ಇಂದೇ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ೩೯೯ ಡಾಲರು ಎಂದು ಘೋಷಿಸಿತು. ಎಲ್ಲರನ್ನೂ ಬೆರಗುಗೊಳಿಸುವ ಉದ್ದೇಶ. ಬೆರಗಾದವರಲ್ಲಿ ಆಟ ರಚಿಸುವವರೂ ಇದ್ದರು. ಅವರು ಸೆಪ್ಟೆಂಬರಿಗೆಂದು ಸಿದ್ಧಪಡಿಸುತ್ತಿದ್ದ ಆಟಗಳು ಅರೆಬೆಂದಿದ್ದವು. ಲಗ್ನದ ಮುಹೂರ್ತವನ್ನು ಅಡುಗೆಯವರಿಗೆ ಹೇಳದೆ ಹಿಂದಕ್ಕೆಳೆದಂತಾಯಿತು. ಅದೇ ಪ್ರದರ್ಶನದಲ್ಲಿ ಸೋನಿಯವರು ತಮ್ಮ ಯಂತ್ರದ ಬೆಲೆ ೨೯೯ ಎಂದಷ್ಟೇ ಹೇಳಿ ಮುಗಿಸಿದರು.

೧೯೯೮ರಲ್ಲಿ ಸೆಗಾ ಕೊನೆಯ ಪಣವಾಗಿ ಡ್ರೀಮ್‌ಕಾಸ್ಟ್ ಎಂಬ ಯಂತ್ರವನ್ನು ಹೂಡಿತು. ಒಳ್ಳೆಯ ಯಂತ್ರವೆಂದೇ ಬಲ್ಲವರು ಇಂದಿಗೂ ಹೇಳುತ್ತಾರೆ. ಆದರೆ ಹಿಂದೆ ಮೆಗಾ ಡ್ರೈವ್‌ಗೆ ಜೀವ ತುಂಬಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಈ ಸಲ ಒಂದು ಆಟವನ್ನೂ ಕೊಡಲಿಲ್ಲ. ಸುಮಾರು ೯೧ ಲಕ್ಷ ಯಂತ್ರಗಳು ಮಾರಾಟವಾದ ಮೇಲೆ, ೨೦೦೧ರ ಜನವರಿ ೩೧ರಂದು ಸೆಗಾ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಧ್ಯಕ್ಷರಾಗಿದ್ದ ಇಸಾವೊ ಒಕಾವ ತಮಗೆ ಬರಬೇಕಾದ ಸಾಲವನ್ನು ಬಿಟ್ಟು, ತಮ್ಮ ಷೇರುಗಳನ್ನೂ ಕಂಪನಿಗೇ ಒಪ್ಪಿಸಿ, ಅದೇ ಮಾರ್ಚಿಯಲ್ಲಿ ತೀರಿಕೊಂಡರು. ಅಂದಿನಿಂದ ಸೆಗಾ ಇತರರ ಯಂತ್ರಗಳಿಗೆ ಆಟ ರಚಿಸುವ ಹೊರಗಿನವರಲ್ಲೊಬ್ಬನಾಯಿತು. ಅದರ ಮುಳ್ಳುಹಂದಿಯು ಆ ವರುಷ ಮುಗಿಯುವುದರೊಳಗೆ ನಿಂಟೆಂಡೊದ ಯಂತ್ರದಲ್ಲಿಯೇ ಓಡತೊಡಗಿತು.

ಮುಂದಿನದನ್ನು ಬೇಗನೆ ಹೇಳಬಹುದು. ೨೦೦೧ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ನೊಡನೆ ಕಣಕ್ಕಿಳಿಯಿತು. ನಿಂಟೆಂಡೊ ೨೦೧೨ರ ವೀ ಯು ಯಂತ್ರದಿಂದ ಹೊರಗಿನವರು ದೂರ ಸರಿದಾಗ ೧ ಕೋಟಿ ೩೬ ಲಕ್ಷದ ಬಳಿ ಮುಗ್ಗರಿಸಿತು. ೨೦೧೭ರ ಸ್ವಿಚ್ ಯಂತ್ರದಲ್ಲಿ ಸಣ್ಣಪುಟ್ಟ ರಚನಕಾರರಿಗೂ ಬಾಗಿಲು ತೆರೆದು ೧೫ ಕೋಟಿಯನ್ನು ದಾಟಿತು. ೨೦೨೩ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸುಮಾರು ೬,೮೭೦ ಕೋಟಿ ಡಾಲರು ತೆತ್ತು ಕೊಂಡದ್ದು ಬೇರಾವುದನ್ನೂ ಅಲ್ಲ, ಆ ನಾಲ್ವರು ಮುನಿದು ಕಟ್ಟಿದ ಆಕ್ಟಿವಿಷನ್ನನ್ನು. ಹೆಸರಿಗಾಗಿ ಯಂತ್ರದ ಒಡೆಯನನ್ನು ಬಿಟ್ಟು ಬಂದ ಸಂಸ್ಥೆ, ಯಂತ್ರದ ಇನ್ನೊಬ್ಬ ಒಡೆಯನ ಮನೆ ಸೇರಿತು.

ಇಷ್ಟರಲ್ಲಿ ನಮ್ಮವರೆಲ್ಲಿ ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಕಟ್ಟಿದ ಧ್ರುವ ಇಂಟರಾಕ್ಟಿವ್ ೧೯೯೭ರಷ್ಟು ಹಿಂದೆಯೇ ಆಟದ ಕಸುಬಿಗೆ ಕೈಹಾಕಿತು. ದೇಶದಲ್ಲಿಯೇ ಮೊದಲಿಗರಲ್ಲೊಂದು ಎನ್ನಬೇಕು. ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಪಂದ್ಯದ ಆಟಗಳಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿಕೊಟ್ಟರು. ಆ ಆಟವನ್ನು ಆಡಿದ ಲಕ್ಷಾಂತರ ಜನರಲ್ಲಿ ಈ ಕೈಗಳು ಬೆಂಗಳೂರಿನವೆಂದು ಬಲ್ಲವರು ಬಹಳ ಮಂದಿ ಇರಲಾರರು. ಸಂಸ್ಥೆಯು ಮೊದಲು ಸ್ವೀಡನ್ನಿನ ಕಂಪನಿಯೊಂದರ ಕೈಸೇರಿ, ೨೦೧೯ರಲ್ಲಿ ಸುಮಾರು ೭೯ ಲಕ್ಷ ಡಾಲರುಗಳಿಗೆ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಾಟವಾಗಿ, ಅದರ ಬೆಂಗಳೂರಿನ ಶಾಖೆಯಲ್ಲಿ ಲೀನವಾಯಿತು. ಸಂಬಳ ಸಿಕ್ಕಿತು, ಕೌಶಲವೂ ಬೆಳೆಯಿತು. ಇವೆರಡೂ ಸಣ್ಣ ಲಾಭಗಳಲ್ಲ. ಆದರೂ ೧೯೭೯ರಲ್ಲಿ ಆ ನಾಲ್ವರು ಕೇಳಿದ ಪ್ರಶ್ನೆ, ಈ ಕೃತಿ ಯಾರದು ಎಂಬುದು, ಬೆಂಗಳೂರಿನ ಮಟ್ಟಿಗೆ ಬಹುಪಾಲು ಹಾಗೆಯೇ ಉಳಿದಿದೆಯೆಂದು ನನ್ನ ಎಣಿಕೆ. ಪರದೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ನಾಟಕ ಬರೆಯುವವರು ವಿರಳ.

ವಿರಳವೆಂದೆನೇ ಹೊರತು ಇಲ್ಲವೆನ್ನಲಿಲ್ಲ. ನಮಗೆ ನೆರೆಯ ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆಯು ೨೦೦೯ರಲ್ಲಿ ಸೋನಿಯ ಯಂತ್ರಕ್ಕಾಗಿ ‘ದೇಸಿ ಅಡ್ಡಾ’ ಎಂಬುದನ್ನು ರಚಿಸಿತು. ಅದರಲ್ಲಿ ನಮ್ಮ ಓಣಿಯ ಚಿನ್ನಿದಾಂಡು, ಕಬಡ್ಡಿ, ಗಾಳಿಪಟಗಳು ಪರದೆಯ ಮೇಲೆ ಬಂದವು. ಮೈಕ್ರೋಸಾಫ್ಟ್ ೨೦೧೩ರಿಂದ ಸಣ್ಣ ರಚನಕಾರರು ತಮ್ಮ ಆಟವನ್ನು ತಾವೇ ಪ್ರಕಟಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಸೋನಿ ೨೦೨೩ರಲ್ಲಿ ಭಾರತದ ರಚನಕಾರರಿಗೆಂದೇ ಒಂದು ಯೋಜನೆಯನ್ನು ಸಾರಿತು. ಪೈಪೋಟಿಯ ಫಲವೇ ಇದು: ಥಿಯೇಟರುಗಳು ಹೆಚ್ಚಿದಾಗ ಹೊಸ ಕವಿಯನ್ನೂ ಕರೆದು ಕೇಳುತ್ತಾರೆ.

ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡವು ‘ರಾಜಿ’ ಎಂಬ ಆಟಕ್ಕೆ ಸಾರ್ವಜನಿಕರಿಂದ ಹಣ ಕೂಡಿಸಲು ಹೊರಟು ಸೋತಿತ್ತು. ಆದರೂ ಬಿಡದೆ ಮುಗಿಸಿ, ೨೦೨೦ರ ಆಗಸ್ಟ್ ತಿಂಗಳಲ್ಲಿ ಮೊದಲು ನಿಂಟೆಂಡೊದ ಸ್ವಿಚ್‌ನಲ್ಲಿ, ಎರಡು ತಿಂಗಳಲ್ಲಿ ಉಳಿದ ಇಬ್ಬರ ಯಂತ್ರಗಳಲ್ಲಿ ಪ್ರಕಟಿಸಿತು. ಅಸುರರು ಕದ್ದೊಯ್ದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯೊಬ್ಬಳ ಕಥೆ ಅದು. ಪುಣೆಯ ಮುಳಾ-ಮುಠಾ ನದಿಯ ನೀರು ಭೀಮೆಯನ್ನು ಸೇರಿ ನಮ್ಮ ಸೊನ್ನದ ಬ್ಯಾರೇಜಿಗೇ ಬರುತ್ತದೆ. ಮುಂದಿನ ರಜೆಗೆ ಆ ಹುಡುಗರಿಬ್ಬರು ಬಂದರೆ, ಈ ಆಟವನ್ನು ಆಡಿದ್ದೀರಾ ಎಂದು ಕೇಳಬೇಕೆಂದಿದ್ದೇನೆ. ಅದು ಇಬ್ಬರ ಯಂತ್ರದಲ್ಲಿಯೂ ನಡೆಯುತ್ತದೆ.