ಮೊನಚು ಕಿವಿಯ ವೇಷ

ನಟರೊಬ್ಬರು ಇಪ್ಪತ್ತು ವರ್ಷಗಳ ಅಂತರದಲ್ಲಿ ತಮ್ಮ ಬದುಕನ್ನು ಕುರಿತು ಎರಡು ಪುಸ್ತಕಗಳನ್ನು ಬರೆದರು. 1975ರಲ್ಲಿ ಹೊರಬಂದ ಮೊದಲನೆಯದರ ಹೆಸರು ‘ನಾನು ಸ್ಪಾಕ್ ಅಲ್ಲ’. 1995ರಲ್ಲಿ ಬಂದ ಎರಡನೆಯದರ ಹೆಸರು ‘ನಾನು ಸ್ಪಾಕ್’. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಪಾತ್ರದೊಡನೆ ಹೋರಾಡಿ ಸೋತ ಮನುಷ್ಯ ಕೊನೆಗೆ ಶರಣಾದನೆಂದೇ ನಾನು ಮೊದಮೊದಲು ಭಾವಿಸಿದ್ದೆ. ಈಗ ನನಗೆ ಹಾಗೆ ತೋರುವುದಿಲ್ಲ.

ಆ ನಟರು ಅಮೆರಿಕದ ಲಿಯೊನಾರ್ಡ್ ನಿಮಾಯ್. 1931ರಲ್ಲಿ ಬಾಸ್ಟನ್ ನಗರದಲ್ಲಿ, ಯುಕ್ರೇನಿನಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ಹುಟ್ಟಿದರು. ತಂದೆಯದು ಕ್ಷೌರದ ವೃತ್ತಿ. ಮಗ ನಟನೆಯ ಆಸೆ ಹೊತ್ತು ಹಾಲಿವುಡ್ಡಿಗೆ ಹೋದ. 1952ರಲ್ಲಿ, ಕಂತುಗಳಲ್ಲಿ ತೋರಿಸುವ ಒಂದು ಅಗ್ಗದ ಚಿತ್ರದಲ್ಲಿ ಮಂಗಳಗ್ರಹದವನ ಸಣ್ಣ ಪಾತ್ರ ಸಿಕ್ಕಿತು. ಆಮೇಲೆ ಸೈನ್ಯದಲ್ಲಿ ಸೇವೆ, ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುವ ಕೆಲಸ, ನಡುನಡುವೆ ಹೆಸರು ನೆನಪಿನಲ್ಲುಳಿಯದಂಥ ಪಾತ್ರಗಳು. ಸ್ಪಾಕ್ ಆಗುವ ಮುನ್ನ ಎರಡು ವಾರ ಮೀರಿದ ನಟನೆಯ ಕೆಲಸವೇ ತಮಗೆ ದೊರೆತಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ.

1966ರ ಸೆಪ್ಟೆಂಬರ್ 8ರಂದು ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಮಾಲಿಕೆ ಅಲ್ಲಿ ಆರಂಭವಾಯಿತು. 23ನೆಯ ಶತಮಾನದ ಒಂದು ಅಂತರಿಕ್ಷ ನೌಕೆಯ ಕಥೆ ಅದು. ಆ ನೌಕೆಯ ವಿಜ್ಞಾನಾಧಿಕಾರಿಯೇ ಸ್ಪಾಕ್. ತಂದೆ ವಲ್ಕನ್ ಎಂಬ ಗ್ರಹದವನು, ತಾಯಿ ಭೂಮಿಯವಳು. ವಲ್ಕನ್ನರು ಭಾವೋದ್ವೇಗವನ್ನು ಅಡಗಿಸಿ ತರ್ಕವನ್ನೇ ನೆಚ್ಚಿ ಬದುಕುವವರು. ಮೊನಚು ಕಿವಿ, ಮೇಲಕ್ಕೇರಿದ ಹುಬ್ಬು. ಪ್ರಸಾರ ಸಂಸ್ಥೆಯವರಿಗೆ ಈ ಕಿವಿಗಳು ಸೈತಾನನ ಕಿವಿಗಳಂತೆ ಕಂಡವು; ಪ್ರಚಾರದ ಹೊತ್ತಗೆಯೊಂದರ ಚಿತ್ರಗಳಲ್ಲಿ ಅವನ್ನು ತಿದ್ದಿ ಮೊಂಡಾಗಿಸಿಯೂಬಿಟ್ಟರು. ನಿಮಾಯ್ ಅವರಿಗೂ ಅಳುಕಿತ್ತು. ಹದಿಮೂರು ಕಂತುಗಳಾದ ಮೇಲೂ ಮನಸ್ಸೊಪ್ಪದಿದ್ದರೆ ಕಿವಿಗೆ ಶಸ್ತ್ರಚಿಕಿತ್ಸೆಯಾಗುವಂತೆ ಕಥೆಯನ್ನೇ ಬರೆಯುವೆನೆಂದು ನಿರ್ಮಾಪಕ ಜೀನ್ ರಾಡೆನ್‌ಬೆರಿ ಸಮಾಧಾನ ಹೇಳಬೇಕಾಯಿತು. ಆ ಕಂತನ್ನು ಬರೆಯುವ ಪ್ರಮೇಯವೇ ಬರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಪಾತ್ರವನ್ನು ಬರೆದವರು ಬೇರೆಯವರಾದರೂ ಅದರ ಮೈಮನಗಳಲ್ಲಿ ಬಹುಭಾಗ ನಟನ ಕೊಡುಗೆ. ಎದುರಾಳಿಯನ್ನು ಆಯುಧದ ಹಿಡಿಯಿಂದ ಹೊಡೆದು ಬೀಳಿಸಬೇಕೆಂದು ಒಂದು ಕಂತಿನಲ್ಲಿ ಬರೆದಿತ್ತು. ಇಂಥ ಒರಟುತನ ಸ್ಪಾಕನಿಗೆ ಒಪ್ಪುವುದಿಲ್ಲವೆಂದು ನಿಮಾಯ್, ಕತ್ತಿನ ಬುಡವನ್ನು ಬೆರಳುಗಳಿಂದ ಒತ್ತಿ ಮೂರ್ಛೆಗೊಳಿಸುವ ಉಪಾಯವನ್ನು ಸೂಚಿಸಿದರು.

ಇದಕ್ಕಿಂತಲೂ ನನ್ನ ಮನಸ್ಸನ್ನು ತಟ್ಟಿದುದು ವಲ್ಕನ್ನರ ವಂದನೆಯ ಕಥೆ. ನಿಮಾಯ್ ಎಂಟು ವರ್ಷದ ಹುಡುಗನಾಗಿದ್ದಾಗ ಬಾಸ್ಟನ್ನಿನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಪುರೋಹಿತ ವಂಶದವರು ತಲೆಯ ಮೇಲೆ ಪ್ರಾರ್ಥನೆಯ ಹೊದಿಕೆಯನ್ನೆಳೆದುಕೊಂಡು ಸಭೆಯನ್ನು ಆಶೀರ್ವದಿಸುವ ಗಳಿಗೆ ಬಂತು. ಆಗ ಯಾರೂ ನೋಡಬಾರದು. ನೋಡಬೇಡವೆಂದು ತಂದೆ ಹೇಳಿದರು. ಹುಡುಗ ಕದ್ದು ನೋಡಿದ. ಕಿರುಬೆರಳು ಉಂಗುರದ ಬೆರಳುಗಳು ಒಂದು ಜೋಡಿ, ನಡುಬೆರಳು ತೋರುಬೆರಳುಗಳು ಇನ್ನೊಂದು ಜೋಡಿ, ಹೆಬ್ಬೆರಳು ಬೇರೆ: ಹೀಬ್ರೂ ಲಿಪಿಯ ‘ಶಿನ್’ ಅಕ್ಷರದ ಆಕಾರ. ದೇವರ ಹೆಸರೊಂದರ ಮೊದಲ ಅಕ್ಷರವದು. 1967ರಲ್ಲಿ ಸ್ಪಾಕ್ ತನ್ನ ಗ್ರಹಕ್ಕೆ ಮರಳುವ ಕಂತನ್ನು ಚಿತ್ರೀಕರಿಸುವಾಗ, ಈ ಜನ ಪರಸ್ಪರ ವಂದಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ನಿಮಾಯ್ ಕೈಯೆತ್ತಿ ಆ ಬೆರಳುಗಳನ್ನು ತೋರಿಸಿದರು. ಎದುರಿನ ಹಿರಿಯ ನಟಿಗೆ ಬೆರಳು ಹಾಗೆ ಬೇರ್ಪಡುತ್ತಲೇ ಇರಲಿಲ್ಲ. ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮೊದಲೇ ಜೋಡಿಸಿಕೊಂಡು ಕೈಯೆತ್ತಿದರಂತೆ!

ಹೀಗೆ ತನ್ನಿಂದಲೇ ನೆಯ್ದ ವೇಷವನ್ನು ಕಳಚುವುದು ಸುಲಭವಲ್ಲ. ವಾರದ ಐದು ದಿನ ಸ್ಪಾಕನ ಸಂಯಮದಲ್ಲಿದ್ದು, ಮತ್ತೆ ತಾನು ತಾನಾಗುವ ಹೊತ್ತಿಗೆ ಭಾನುವಾರವೇ ಬಂದುಬಿಡುತ್ತಿತ್ತು. ದಿನದ ಚಿತ್ರೀಕರಣ ಮುಗಿದೊಡನೆ ಕುಡಿಯುವ ಅಭ್ಯಾಸ ಆ ದಿನಗಳಲ್ಲೇ ಅಂಟಿಕೊಂಡು ಬಹುಕಾಲ ಬಿಡಲಿಲ್ಲವೆಂಬುದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಮಾಲಿಕೆ 79 ಕಂತುಗಳಾಗಿ 1969ರಲ್ಲಿ, ಸಾಕಷ್ಟು ಪ್ರೇಕ್ಷಕರಿಲ್ಲದೆ, ನಿಂತಿತು. ವಿಚಿತ್ರವೆಂದರೆ ಅದರ ನಿಜವಾದ ಕೀರ್ತಿ ಮೊದಲಾದದ್ದೇ ಆನಂತರ, ಊರೂರಿನ ಕೇಂದ್ರಗಳಿಂದ ಮರುಪ್ರಸಾರವಾದಾಗ. ನಿಮಾಯ್ ಈ ನಡುವೆ ‘ಮಿಷನ್ ಇಂಪಾಸಿಬಲ್’ ಮಾಲಿಕೆಯಲ್ಲಿ ಹಲವು ವೇಷಗಳನ್ನು ಹಾಕಿದರು. ರಂಗದ ಮೇಲೆ ಷರ್ಲಾಕ್ ಹೋಮ್ಸ್ ಆದರು. ಚಿತ್ರಕಾರ ವಾನ್ ಗೋನ ಕಥೆಯನ್ನು ಒಬ್ಬರೇ ನಿಂತು ಅಭಿನಯಿಸಿದರು. ಜನ ಮಾತ್ರ ಮೊನಚು ಕಿವಿಯನ್ನೇ ಹುಡುಕುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ಒಬ್ಬ ತಾಯಿ ಮಗುವಿಗೆ ಇವರೇ ಸ್ಪಾಕ್ ಎಂದು ತೋರಿಸಿದಳು. ಮಗುವಿಗೆ ಎದುರಿಗಿದ್ದವನು ಸ್ಪಾಕನಾಗಿ ಕಾಣಲೇ ಇಲ್ಲ. ಮಗುವಿನದೇ ಸರಿಯಾದ ದೃಷ್ಟಿ ಎನಿಸಿ ಮೊದಲ ಪುಸ್ತಕಕ್ಕೆ ಆ ಹೆಸರಿಟ್ಟರು. ಒಳಗೆ ತಿರಸ್ಕಾರವಿರಲಿಲ್ಲ, ನಟನೂ ಪಾತ್ರವೂ ಎದುರುಬದುರಾಗಿ ಮಾತಾಡುವ ಸಂಭಾಷಣೆಗಳೂ ಇದ್ದವು. ಆದರೆ ಅಭಿಮಾನಿಗಳು ರಕ್ಷಾಪುಟವನ್ನಷ್ಟೇ ಓದಿ ಸಿಟ್ಟಾದರು. ಓದುಗರ ಈ ಜಾತಿ ಎಲ್ಲ ದೇಶಗಳಲ್ಲಿಯೂ ಉಂಟು.

1982ರ ಚಿತ್ರದಲ್ಲಿ ಸ್ಪಾಕ್ ಸಾಯುತ್ತಾನೆ. ಒಳ್ಳೆಯ ಸಾವಿನ ದೃಶ್ಯವೆಂಬ ಆಸೆಗೇ ನಿಮಾಯ್ ಅದನ್ನು ಒಪ್ಪಿಕೊಂಡದ್ದು. ಆದರೆ ಚಿತ್ರೀಕರಣ ಮುಗಿಯುವಷ್ಟರಲ್ಲಿ ಮನಸ್ಸು ಕಲಕಿತು. 1984ರಲ್ಲಿ ಅವನನ್ನು ಮರಳಿ ಬದುಕಿಸುವ ಚಿತ್ರವನ್ನು ತಾವೇ ನಿರ್ದೇಶಿಸಿದರು. 1986ರ ಮುಂದಿನ ಚಿತ್ರವನ್ನೂ ನಿರ್ದೇಶಿಸಿ ಹೆಸರು ಗಳಿಸಿದರು. ಎರಡನೆಯ ಪುಸ್ತಕ ಬಂದದ್ದು ಇದಾದ ಬಳಿಕ. ಪಾತ್ರದ ಆಳಾಗಿದ್ದವರು ಅದರ ಆಯುಸ್ಸನ್ನು ನಿರ್ಧರಿಸುವವರಾದ ಮೇಲೆ ‘ನಾನು ಸ್ಪಾಕ್’ ಎಂದುದನ್ನು ಸೋಲೆಂದು ಕರೆಯಲು ನನಗೆ ನಾಲಿಗೆಯೇಳದು.

2015ರ ಫೆಬ್ರವರಿ 27ರಂದು, 83ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ನಿಮಾಯ್ ತೀರಿಕೊಂಡರು. ಸಿಗರೇಟು ಬಿಟ್ಟು ಮೂವತ್ತು ವರ್ಷಗಳಾಗಿದ್ದವು. ಅದೇ ವರ್ಷ 4864ನೆಯ ಕ್ಷುದ್ರಗ್ರಹಕ್ಕೆ ನಿಮಾಯ್ ಎಂದು ಹೆಸರಿಟ್ಟರು. ಮಿಸ್ಟರ್ ಸ್ಪಾಕ್ ಎಂಬ ಕ್ಷುದ್ರಗ್ರಹವೂ ಒಂದಿದೆ, 2309ನೆಯದು. ಅದಕ್ಕೆ ಆ ಹೆಸರು ಬಂದದ್ದು ಅದನ್ನು ಕಂಡುಹಿಡಿದ ವಿಜ್ಞಾನಿಯ ಬೆಕ್ಕಿನಿಂದ. ಬೆಕ್ಕಿಗೆ ಬಂದದ್ದು ಟೆಲಿವಿಷನ್ನಿನ ಸ್ಪಾಕನಿಂದ.