ಧಾರಾವಾಹಿ ಮುಗಿದು ದಶಕಗಳಾದ್ರೂ ಜನ ಬರ್ತಾರೆ: ಶೂಟಿಂಗ್ ಜಾಗ ತೋರಿಸುವ ‘ನಡಿಗೆ ಪ್ರವಾಸ’ದಿಂದ ಊರಿಗೇನು ಸಿಗುತ್ತೆ?

ಗೋವಿನಕೋವಿ: ಟಿವಿಯಲ್ಲಿ ನೋಡಿದ ಮನೆ, ಬೀದಿ, ರೈಲ್ವೆ ನಿಲ್ದಾಣವನ್ನು ಕಣ್ಣಾರೆ ನೋಡಬೇಕು ಅಂತ ದೂರದಿಂದ ಬರುವ ಜನ ಇದ್ದಾರೆ. ಅಂಥವರನ್ನು ಊರಿನವರೊಬ್ಬರು ಜೊತೆಗೆ ಕರ್ಕೊಂಡು ನಡೆಸುತ್ತಾ, ‘ಇಲ್ಲೇ ಆ ಸೀನ್ ತೆಗೆದಿದ್ದು, ಈ ಕಟ್ಟೆ ಮೇಲೇ ಆ ಹುಡುಗ ಕೂತಿದ್ದು’ ಅಂತ ತೋರಿಸಿ, ತಲೆಗಿಷ್ಟು ಅಂತ ದುಡ್ಡು ತಗೊಳ್ಳುವುದೇ ನಡಿಗೆ ಪ್ರವಾಸ. ಹೊರದೇಶದ ಸಣ್ಣ ಸಣ್ಣ ಹಳ್ಳಿಗಳಲ್ಲಿ ಇದು ದುಡಿಮೆಯ ದಾರಿಯಾಗಿದೆ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಅದಕ್ಕೆ ಬೇಕಾದ ಜಾಗಗಳು ಕಣ್ಣೆದುರಿಗೇ ಇವೆ. ನ್ಯಾಮತಿ, ಹೊನ್ನಾಳಿ ಕಡೆಯ ನಮಗೆ ಇದರಿಂದ ಕಲಿಯೋದು ಏನು? ಇಲ್ಲಿದೆ ವಿವರ.

ಮಾಲ್ಗುಡಿ ಎಲ್ಲಿದೆ?

ನಕ್ಷೆಯಲ್ಲಿ ಹುಡುಕಿದರೆ ಮಾಲ್ಗುಡಿ ಸಿಗಲ್ಲ. ಅದು ಆರ್.ಕೆ. ನಾರಾಯಣ್ ಕಲ್ಪಿಸಿದ ಊರು. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಿಂದ ಶುರುವಾಗಿ ಅವರ ಬಹುಪಾಲು ಕತೆಗಳು ನಡೆಯುವುದು ಅಲ್ಲೇ. ಆ ಊರಿಗೊಂದು ನದಿ, ಸರಯೂ. ಒಂದು ರೈಲ್ವೆ ನಿಲ್ದಾಣ, ಒಂದು ಪೇಟೆ ಬೀದಿ, ಒಂದು ಶಾಲೆ.

ಈ ಕತೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಹೆಸರಿನಲ್ಲಿ ಧಾರಾವಾಹಿ ಮಾಡಿದರು. 1986ರಲ್ಲಿ ದೂರದರ್ಶನದಲ್ಲಿ ಪ್ರಸಾರ ಶುರುವಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಎಲ್. ವೈದ್ಯನಾಥನ್ ಸಂಗೀತ. ಶುರುವಿನಲ್ಲಿ ಬರುವ ಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದವು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು.

ಇಡೀ ದೇಶ ನೋಡಿದ ಈ ಊರು ಬಹುಮಟ್ಟಿಗೆ ತೀರ್ಥಹಳ್ಳಿ ತಾಲೂಕಿನ ಆಗುಂಬೆ. ರೈಲ್ವೆ ನಿಲ್ದಾಣದ ದೃಶ್ಯಗಳಿಗೆ ಹೊಸನಗರ ತಾಲೂಕಿನ ಅರಸಾಳು. ಆಗ ನಮ್ಮ ಹೊನ್ನಾಳಿ ತಾಲೂಕೂ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ರಂದು. ಅಂದ್ರೆ ಮಾಲ್ಗುಡಿ ಆಗ ನಮ್ಮ ಜಿಲ್ಲೆಯ ಊರೇ! ಇನ್ನೊಂದು ನಂಟು ನೋವಿನದು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದು ದಾವಣಗೆರೆ ಹತ್ತಿರದ ಆನಗೋಡು ಬಳಿ.

ದೊಡ್ಡಮನೆ ಮತ್ತು ಅರಸಾಳು

ಆಗುಂಬೆಗೆ ಹೋದವರು ಮೊದಲು ಕೇಳೋದು ‘ಸ್ವಾಮಿ ಮನೆ ಎಲ್ಲಿ?’ ಅಂತ. ಅದೇ ದೊಡ್ಡಮನೆ. ನೂರು ವರ್ಷ ದಾಟಿದ ತೊಟ್ಟಿ ಮನೆ. ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬಗಳ ಜಗಲಿ. ಇದು ಸೆಟ್ ಅಲ್ಲ, ಸಂಸಾರ ಇರುವ ಮನೆ. ಬಂದವರಿಗೆ ಊಟ ಹಾಕಿ, ಉಳಿಯಲು ಜಾಗ ಕೊಟ್ಟು, ಇಂತಿಷ್ಟೇ ಕೊಡಿ ಅನ್ನದೆ ಕೊಟ್ಟಷ್ಟನ್ನು ತಗೊಳ್ಳುವ ಮನೆ ಅಂತಲೇ ಅದು ಹೆಸರಾಯಿತು.

ಅರಸಾಳಿನ ಕತೆ ಬೇರೆ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿರುವ ಈ ನಿಲ್ದಾಣ ಬ್ರಿಟಿಷರ ಕಾಲದ್ದು. ಚಿತ್ರೀಕರಣದ ಹೊತ್ತಿಗೆ ಮೀಟರ್ ಗೇಜ್ ಹಳಿ ಇತ್ತು. ಬ್ರಾಡ್ ಗೇಜ್ ಬಂದ ಮೇಲೆ ಹಳೇ ಕಟ್ಟಡ ಕೆಲಸಕ್ಕೆ ಬಾರದೆ ಪಾಳು ಬೀಳುವ ಸ್ಥಿತಿಯಲ್ಲಿತ್ತು. ನೈಋತ್ಯ ರೈಲ್ವೆ ಅದನ್ನು ಕೆಡವದೆ ದುರಸ್ತಿ ಮಾಡಿಸಿ, ಜಾನ್ ದೇವರಾಜ್ ಅವರಿಂದಲೇ ರೂಪ ಕೊಡಿಸಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಧಾರಾವಾಹಿಯ ಪಾತ್ರಗಳ ಕಲಾಕೃತಿಗಳು ಅಲ್ಲಿವೆ. ಹಳೆಯ ರೈಲು ಬೋಗಿಯೊಂದರಲ್ಲಿ ಚಹಾ ಕುಡಿಯುವ ಜಾಗವನ್ನೂ ಮಾಡಲಾಯಿತು.

ಒಂದು ಕಡೆ ಸಂಸಾರ ಇರುವ ಮನೆ, ಇನ್ನೊಂದು ಕಡೆ ಸರ್ಕಾರಿ ಕಟ್ಟಡ. ಎರಡೂ ಉಳಿದಿದ್ದು ಯಾರೋ ಒಬ್ಬರು ‘ಇದನ್ನು ಇಟ್ಕೊಳ್ಳೋಣ’ ಅಂತ ತೀರ್ಮಾನ ಮಾಡಿದ್ದರಿಂದ. ಇದು ಮೊದಲ ಪಾಠ.

ಸಮುದ್ರದ ದಡದ ಹಳ್ಳಿ ಏನು ಮಾಡಿತು?

ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ಪೋರ್ಟ್ ಐಸಾಕ್ ಅಂತ ಒಂದು ಮೀನುಗಾರರ ಹಳ್ಳಿ ಇದೆ. ‘ಡಾಕ್ ಮಾರ್ಟಿನ್’ ಎಂಬ ಧಾರಾವಾಹಿ 2004ರಿಂದ 2022ರವರೆಗೆ ಹತ್ತು ಸರಣಿ ಬಂತು. ರಕ್ತ ಕಂಡರೆ ಹೆದರುವ, ಸಿಡುಕು ಸ್ವಭಾವದ ಡಾಕ್ಟರ್ ಒಬ್ಬರು ಹಳ್ಳಿಗೆ ಬರುವ ಕತೆ. ಕತೆಯೊಳಗೆ ಹಳ್ಳಿಯ ಹೆಸರು ಪೋರ್ಟ್‌ವೆನ್, ಹಳ್ಳಿಯ ಹೊರಾಂಗಣ ದೃಶ್ಯಗಳನ್ನು ತೆಗೆದಿದ್ದು ಬಹುಪಾಲು ಪೋರ್ಟ್ ಐಸಾಕ್‌ನಲ್ಲಿ.

ಆ ಊರಿನ ಓಣಿಗಳು ಎಷ್ಟು ಕಿರಿದು ಅಂದ್ರೆ ಕೆಲವೆಡೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಆದ್ದರಿಂದ ಬಂದವರು ಗಾಡಿಯನ್ನು ಊರ ಮೇಲ್ಗಡೆ ನಿಲ್ಲಿಸಿ ನಡೆದೇ ಇಳಿಯುತ್ತಾರೆ. ಅಲ್ಲಿ ಮಾರ್ಗದರ್ಶಕರ ಜೊತೆ ನಡಿಗೆ ಪ್ರವಾಸಗಳು ನಡೆಯುತ್ತವೆ. ಡಾಕ್ಟರ್ ಮನೆಯಾಗಿ ಕಂಡ ಕಲ್ಲಿನ ಮನೆ, ಶಾಲೆಯಾಗಿ ಕಂಡ ಕಟ್ಟಡ, ಬಂದರಿನ ಕಟ್ಟೆ, ಹೀಗೆ ಒಂದೊಂದು ಕಡೆ ನಿಂತು ಕತೆ ಹೇಳುತ್ತಾರೆ. ನಡುವೆ ಮೀನುಗಾರಿಕೆಯ ಕತೆಯನ್ನೂ ಹೇಳುತ್ತಾರೆ. ಧಾರಾವಾಹಿ ನಿಂತ ಮೇಲೂ ಜನ ಬರುವುದು ನಿಂತಿಲ್ಲ.

ಹಾಗಂತ ಎಲ್ಲವೂ ಸುಖವಲ್ಲ. ಕಾರ್ನ್‌ವಾಲ್ ಕಡೆ ರಜೆಗೆ ಬರುವವರಿಗೆ ಬಾಡಿಗೆ ಕೊಟ್ಟರೆ ಹೆಚ್ಚು ದುಡ್ಡು ಅಂತ ಮನೆಗಳು ಹಾಗೇ ಹೋಗಿ, ಅಲ್ಲೇ ದುಡಿಯುವ ಜನರಿಗೆ ಮನೆ ಸಿಗುವುದು ಕಷ್ಟವಾಗಿದೆ. ಊರು ಚೆನ್ನಾಗಿ ಕಾಣ್ಸುತ್ತೆ, ಆದ್ರೆ ಊರಿನವರೇ ಇರಕ್ಕಾಗಲ್ಲ ಅನ್ನೋ ಸ್ಥಿತಿ. ಇದು ಎರಡನೇ ಪಾಠ.

ದುಡ್ಡಿನ ಲೆಕ್ಕ

ಕಾರಿನಲ್ಲಿ ಬಂದು, ಮನೆ ಎದುರು ಫೋಟೋ ತೆಗೆಸಿಕೊಂಡು, ಹತ್ತು ನಿಮಿಷದಲ್ಲಿ ಹೊರಟವರಿಂದ ಊರಿಗೆ ಸಿಗೋದು ಖಾಲಿ ಬಾಟಲಿ ಮಾತ್ರ. ಅದೇ ಜನ ಎರಡು ಗಂಟೆ ನಡೆದರೆ ಹಸಿವಾಗುತ್ತೆ, ಬಾಯಾರುತ್ತೆ, ಮಕ್ಕಳು ಏನಾದ್ರೂ ಬೇಕು ಅಂತಾರೆ. ನಡಿಗೆ ಪ್ರವಾಸದ ಗುಟ್ಟು ಇಷ್ಟೇ. ಬಂದವರನ್ನು ಊರಲ್ಲಿ ನಿಲ್ಲಿಸುವುದು.

ಬರೀ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 12 ಜನರ ಒಂದು ಗುಂಪು, ತಲೆಗೆ 150 ರೂ. ಅಂದ್ರೆ 1,800 ರೂ. ಕತೆ ಹೇಳಿ ನಡೆಸಿದವರಿಗೆ 600 ರೂ. ಒಳಗೆ ಬಿಟ್ಟ ಎರಡು ಮನೆಯವರಿಗೆ ತಲಾ 200 ರೂ. ಕಸ ತೆಗೆಯುವ ಖರ್ಚಿಗೆ ಅಂತ ಪಂಚಾಯ್ತಿಗೆ 200 ರೂ. ಉಳಿದ 600 ರೂಪಾಯಿಯಲ್ಲಿ ಎಲ್ಲರಿಗೂ ಚಹಾ, ಮಂಡಕ್ಕಿ-ಮೆಣಸಿನಕಾಯಿ. ಅದು ಊರಿನ ಅಂಗಡಿಗೇ ಹೋಗುವ ದುಡ್ಡು. ಇದರ ಮೇಲೆ ಬಂದವರು ಅವರಾಗಿ ಖರೀದಿ ಮಾಡುವುದು ಬೇರೆ.

ದೊಡ್ಡ ಮೊತ್ತವೇನಲ್ಲ, ನಿಜ. ಆದ್ರೆ ಇದಕ್ಕೆ ಬಂಡವಾಳವೂ ಬೇಡ. ಬೇಕಿರೋದು ಊರು ಗೊತ್ತಿರುವ, ಮಾತು ಬಲ್ಲ ಒಬ್ಬರು, ಮತ್ತು ಹಂಚಿಕೆಯಲ್ಲಿ ತಕರಾರು ಬಾರದ ಹಾಗೆ ಮೊದಲೇ ಆದ ಒಪ್ಪಂದ. ಎಲ್ಲ ದುಡ್ಡು ಒಂದೇ ಮನೆಗೆ, ಒಂದೇ ಅಂಗಡಿಗೆ ಹೋಯ್ತು ಅಂದ್ರೆ ಉಳಿದವರು ಬಂದವರನ್ನು ನೋಡುವ ನೋಟವೇ ಬೇರೆ ಆಗುತ್ತೆ.

ನಮ್ಮೂರಿಗೆ ಶೂಟಿಂಗ್ ಬಂದ್ರೆ?

ಈಗ ಕನ್ನಡ ವಾಹಿನಿಗಳ ಧಾರಾವಾಹಿಗಳು, ವೆಬ್ ಸರಣಿಗಳು ಹಳ್ಳಿ ಹುಡುಕಿಕೊಂಡು ಬರುವ ಕಾಲ. ತುಂಗಭದ್ರೆ ದಡ, ಅಡಿಕೆ ತೋಟ, ಗದ್ದೆ ಬಯಲು, ಹಳೇ ಮನೆ ಇರುವ ಗೋವಿನಕೋವಿ ಕಡೆಗೂ ನಾಳೆ ಯಾರಾದ್ರೂ ಕ್ಯಾಮೆರಾ ಹೊತ್ತು ಬರಬಹುದು. ಆಗ ‘ಟಿವೀಲಿ ಬರ್ತೀವಿ’ ಅನ್ನೋ ಖುಷಿಯಲ್ಲಿ ಮರೆಯಬಾರದ ಕೆಲವು ಸಂಗತಿಗಳಿವೆ.

1. ಮನೆ, ತೋಟ, ಅಂಗಡಿ ಕೊಡುವ ಮುಂಚೆ ಎಷ್ಟು ದಿನ, ಎಷ್ಟು ಬಾಡಿಗೆ, ಹಾಳಾದರೆ ಯಾರು ಸರಿಮಾಡಿ ಕೊಡಬೇಕು ಅನ್ನೋದನ್ನು ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ. ಬಾಯಿ ಮಾತು ಸಾಲದು.

2. ಗ್ರಾಮ ಪಂಚಾಯ್ತಿಗೆ ಗೊತ್ತಿರಲಿ. ರಸ್ತೆ, ಕೆರೆ, ಶಾಲೆ ಆವರಣ ಎಲ್ಲರ ಆಸ್ತಿ.

3. ಯಾವ ದೃಶ್ಯ ಎಲ್ಲಿ ತೆಗೆದರು ಅಂತ ಬರೆದಿಡಿ, ಫೋಟೋ ತೆಗೆದಿಡಿ. ಹತ್ತು ವರ್ಷದ ಮೇಲೆ ಕತೆ ಹೇಳಲು ಇದೇ ಬೇಕು. ನೆನಪಿಟ್ಟವರು ಹೋದ ಮೇಲೆ ಕೇಳಿದರೆ ಯಾರೂ ಹೇಳಲ್ಲ.

4. ಚಿತ್ರೀಕರಣಕ್ಕೆ ಹಾಕಿದ್ದರಲ್ಲಿ ಬೋರ್ಡ್, ಬೆಂಚು, ಬಾಗಿಲು ಇಂಥ ಒಂದೆರಡನ್ನಾದ್ರೂ ಊರಿಗೆ ಬಿಟ್ಟು ಹೋಗುವಂತೆ ಕೇಳಿ.

ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ರಾಮನಗರ ಸಾಕ್ಷಿ. 1975ರಲ್ಲಿ ಬಂದ ‘ಶೋಲೆ’ ಸಿನಿಮಾಕ್ಕೆ ಬೆಟ್ಟದ ಬುಡದಲ್ಲಿ ಇಡೀ ಹಳ್ಳಿಯನ್ನೇ ಕಟ್ಟಿದ್ದರು. ಈಗ ಬಂಡೆ ಇದೆ, ಆ ಹಳ್ಳಿ ಇಲ್ಲ. ಹೋದವರು ಬಂಡೆ ನೋಡಿ ವಾಪಸ್ ಬರಬೇಕು.

ನೋಡಲು ಹೋಗುವವರಿಗೆ

ಆಗುಂಬೆಗೆ ಹೋಗೋದಾದ್ರೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರದು. ಮಳೆಗಾಲದಲ್ಲಿ ದಾರಿ ತುಂಬ ಇಂಬಳ, ಘಾಟಿಯಲ್ಲಿ ಮಂಜು. ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತ ನೋಡುವ ಕಟ್ಟೆಯಿಂದ ಅರಬ್ಬಿ ಸಮುದ್ರವೂ ಕಾಣುತ್ತೆ. ಅರಸಾಳಿಗೆ ರೈಲಿನಲ್ಲಿ ಹೋಗುವವರು ತಮ್ಮ ರೈಲು ಅಲ್ಲಿ ನಿಲ್ಲುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ದೊಡ್ಡಮನೆಯಾಗಲಿ, ಬೇರೆ ಯಾವುದೇ ಶೂಟಿಂಗ್ ಮನೆಯಾಗಲಿ, ಅದು ಒಬ್ಬರ ಸಂಸಾರ. ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದಾ?’ ಅಂತ ಕೇಳಿ. ಅಡುಗೆ ಮನೆ, ದೇವರ ಕೋಣೆ ಕಡೆ ಮೊಬೈಲ್ ಹಿಡಿಯಬೇಡಿ. ದುಡ್ಡು ಕೇಳಲ್ಲ ಅಂದ್ರೆ ಕೊಡಬೇಕಿಲ್ಲ ಅಂತ ಅರ್ಥ ಅಲ್ಲ, ಉಂಡಿದ್ದಕ್ಕೆ, ಉಳಿದಿದ್ದಕ್ಕೆ ಕೈಲಾದಷ್ಟು ಕೊಟ್ಟು ಬನ್ನಿ. ನೀರು, ತಿಂಡಿಯನ್ನು ಮನೆಯಿಂದ ಕಟ್ಟಿಕೊಂಡು ಹೋಗುವ ಬದಲು ಅಲ್ಲಿನ ಅಂಗಡಿಯಲ್ಲೇ ತಗೊಳ್ಳಿ. ನಾಳೆ ನಮ್ಮೂರಿಗೆ ಬಂದವರು ಹೇಗೆ ನಡ್ಕೋಬೇಕು ಅಂತ ನಾವು ಬಯಸ್ತೀವೋ, ಅವರೂರಿನಲ್ಲಿ ನಾವು ಹಾಗೇ ಇದ್ರೆ ಸಾಕು.