ಬುಡ ಸಣ್ಣ, ಹೆಗಲು ದಪ್ಪ

ಪೀಣ್ಯದಲ್ಲೋ ತುಮಕೂರಿನ ವಸಂತನರಸಾಪುರದಲ್ಲೋ ಹೊಸದಾಗಿ ಎದ್ದ ಉಕ್ಕಿನ ಶೆಡ್ಡಿನ ಒಳಗೆ ಹೋದರೆ ಮೊದಲು ಕಂಬಗಳನ್ನು ನೋಡಿ. ಎಷ್ಟೋ ಶೆಡ್ಡುಗಳಲ್ಲಿ ಕಂಬ ನೆಲದ ಹತ್ತಿರ ಸಪೂರ. ಮೇಲೇರಿದಂತೆ ಅಗಲವಾಗುತ್ತಾ ಹೋಗಿ, ಚಾವಣಿಯ ತೊಲೆಯನ್ನು ಕೂಡುವ ಮೂಲೆಯಲ್ಲಿ ಅತಿ ದಪ್ಪ. ಬುಡ ಗಟ್ಟಿಯಿದ್ದರೆ ಸಾಕು ಎಂದು ನಂಬಿಕೊಂಡು ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಲೆಕ್ಕ ಸರಿಯಾಗಿಯೇ ಇದೆ. ಇಂಥ ಕಂಬದ ಬುಡವನ್ನು ಪಾಯದ ಮೇಲೆ ಕೀಲಿನಂತೆ ಕೂರಿಸಿರುತ್ತಾರೆ. ಅಲ್ಲಿ ಕಂಬವನ್ನು ಬಾಗಿಸುವ ಬಲ ಹೆಚ್ಚೂಕಡಿಮೆ ಸೊನ್ನೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದರೆ ಮೊದಲು ನೋಯುವುದು ಹೆಗಲು ತಾನೆ? ಇಲ್ಲಿಯೂ ಹಾಗೆ, ಮೂಲೆಯಲ್ಲೇ ಬಾಗುಬಲ ಗರಿಷ್ಠ. ಬಲ ಎಲ್ಲಿ ಜಾಸ್ತಿಯೋ ಅಲ್ಲಿಗಷ್ಟೇ ಉಕ್ಕು ಹಾಕಿ, ಮಿಕ್ಕ ಕಡೆ ಉಳಿಸುವುದು ಪ್ರೀ-ಎಂಜಿನಿಯರ್ಡ್ ಬಿಲ್ಡಿಂಗ್, ಬಾಯಿಮಾತಿನಲ್ಲಿ ಪಿಇಬಿ, ಇದರ ಜೀವಾಳ. ಕಾರ್ಖಾನೆಯಲ್ಲಿ ತಟ್ಟೆಗಳನ್ನು ಬೇಕಾದ ಇಳಿಜಾರಿಗೆ ಕತ್ತರಿಸಿ ಬೆಸುಗೆ ಹಾಕುವುದರಿಂದ ಇದು ಸಾಧ್ಯ. ಸೈಟಿನಲ್ಲಿ ನಿಂತು ಇಷ್ಟು ಕರಾರುವಾಕ್ಕಾಗಿ ಮಾಡುವುದು ಕಷ್ಟ.

ಬಿಡಿಭಾಗ ತಂದು ಜೋಡಿಸುವ ವಿದ್ಯೆ ಹಳೆಯದೇ. 1851ರಲ್ಲಿ ಪ್ರದರ್ಶನವೊಂದಕ್ಕಾಗಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೆಸ್ ಕಬ್ಬಿಣ ಮತ್ತು ಗಾಜಿನದು. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಒಂದೇ ಅಳತೆಯ ಸಾವಿರಾರು ತುಂಡುಗಳಿಂದ, 564 ಮೀಟರ್ ಉದ್ದದ ಆ ಕಟ್ಟಡ ವರ್ಷ ತುಂಬುವುದರೊಳಗೆ ನಿಂತಿತು. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡೆನ್‌ಹ್ಯಾಮ್‌ಗೆ ಸಾಗಿಸಿ ಮತ್ತೆ ಕಟ್ಟಿದರು. 1889ರಲ್ಲಿ ಅಡಿಗಲ್ಲು ಕಂಡ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಅದೇ.

ಈಗಿನ ಶೆಡ್ಡು ಇನ್ನೂ ಹಗುರ, ಅದರ ತೊಡಕೂ ಅಲ್ಲಿಯೇ. ಐದಿಂಚಿನ ಆರ್‌ಸಿಸಿ ಚಾವಣಿ ಚದರ ಮೀಟರಿಗೆ 300 ಕೆ.ಜಿ. ಮೀರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶೀಟು, ಅದನ್ನು ಹೊರುವ ಪರ್ಲಿನ್ ಎರಡೂ ಸೇರಿದರೂ 10 ಕೆ.ಜಿ. ಆಸುಪಾಸು. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿನ ಕಟ್ಟಡಗಳ ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆ.ಜಿ. ಭಾರಕ್ಕೆ ಸಮ, ಮಂಗಳೂರಿನ 39 ಮೀಟರಿಗೆ 90 ಕೆ.ಜಿ. ದಾಟುತ್ತದೆ. ಗಾಳಿ ಚಾವಣಿಯ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ, ಅಂಚು-ಮೂಲೆಗಳಲ್ಲಂತೂ ಇನ್ನಷ್ಟು. ಗಾಳಿಗೆ ಎದುರಾದ ಷಟರ್ ತೆರೆದಿದ್ದರೆ ಒಳಗಿನಿಂದಲೂ ತಳ್ಳುತ್ತದೆ. ಹಾಗಾಗಿ ಎಂಜಿನಿಯರನಿಗೆ ಕಟ್ಟಡ ಕುಸಿಯುವ ಚಿಂತೆಯಷ್ಟೇ ಹಾರುವ ಚಿಂತೆಯೂ ಇರುತ್ತದೆ. ಪಾಯದ ಬೋಲ್ಟುಗಳು ಕಂಬವನ್ನು ನೆಲಕ್ಕೆ ಎಳೆದು ಹಿಡಿಯುವ ಕೆಲಸವನ್ನೂ ಮಾಡಬೇಕು.

ಈ ಬೋಲ್ಟುಗಳನ್ನು ಕಾಂಕ್ರೀಟ್ ಹಾಕುವ ಮೊದಲೇ, ತೂತು ಕೊರೆದ ಅಚ್ಚುತಟ್ಟೆಯೊಂದರಲ್ಲಿ ಸಿಕ್ಕಿಸಿ ನಿಲ್ಲಿಸುತ್ತಾರೆ. ಇಲ್ಲಿ ಒಂದಿಂಚು ಆಚೀಚೆಯಾದರೆ, ಎಲ್ಲೋ ಕಾರ್ಖಾನೆಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ತಯಾರಾದ ಕಂಬ ಕೂರುವುದೇ ಇಲ್ಲ. ಆಗ ಗ್ಯಾಸ್ ಕಟ್ಟರ್ ಹಿಡಿದು ತೂತು ಹಿಗ್ಗಿಸುವ ಮೇಸ್ತ್ರಿ ಕಂಡರೆ ತಡೆಯಿರಿ. ಅದು ಎಂಜಿನಿಯರನ್ನು ಕೇಳದೆ ಮಾಡುವ ಕೆಲಸವಲ್ಲ. ಪಾಯ ಗಟ್ಟಿಯಾಗುವ ದಿನಗಳಲ್ಲೇ ಅತ್ತ ಕಂಬ-ತೊಲೆಗಳೂ ಸಿದ್ಧವಾಗುತ್ತಿರುತ್ತವೆ. ತಿಂಗಳುಗಟ್ಟಲೆ ಸಮಯ ಉಳಿಯುವುದು ಹೀಗೆ.

ಲಾರಿಯಲ್ಲಿ ಬಂದ ಪ್ರತಿ ತುಂಡಿಗೂ ನಕಾಶೆಯಲ್ಲಿರುವ ಗುರುತೇ ಇರುತ್ತದೆ. ಕ್ರೇನ್ ಮೊದಲು ಎತ್ತುವುದು ಕತ್ತರಿಯಾಕಾರದ ಬ್ರೇಸಿಂಗ್ ಬರುವ ಅಂಕಣದ, ಕಂಬ-ತೊಲೆ ಕೂಡಿದ ಎರಡು ಚೌಕಟ್ಟುಗಳನ್ನು. ಒಂಟಿ ಚೌಕಟ್ಟು ತನ್ನ ಅಗಲದ ದಿಕ್ಕಿನಲ್ಲಿ ಎಷ್ಟು ಬಲಿಷ್ಠವೋ ಪಕ್ಕಕ್ಕೆ ಅಷ್ಟೇ ದುರ್ಬಲ, ಸಾಧಾರಣ ಗಾಳಿಗೂ ಉರುಳಬಹುದು. ಎರಡನ್ನು ಪರ್ಲಿನ್ ಮತ್ತು ಬ್ರೇಸಿಂಗ್‌ನಿಂದ ಬಿಗಿದು, ನೇರ ನೋಡಿದ ಮೇಲಷ್ಟೇ ಮೂರನೆಯದು. ಅಲ್ಲಿಯವರೆಗೆ ಚೌಕಟ್ಟನ್ನು ಎಳೆದು ಕಟ್ಟಿದ ತಂತಿಹಗ್ಗ ಬಿಚ್ಚುವಂತಿಲ್ಲ. ಪೂರ್ತಿಯಾದ ಕಟ್ಟಡಕ್ಕಿಂತ ಅರ್ಧ ಎದ್ದ ಕಟ್ಟಡವೇ ಅಪಾಯಕಾರಿ.

ತುಂಡುಗಳನ್ನು ಜೋಡಿಸಲು ಬಳಸುವ ಬೋಲ್ಟಿನ ತಲೆಯ ಮೇಲೆ ಸಾಮಾನ್ಯವಾಗಿ 8.8 ಎಂದು ಅಚ್ಚೊತ್ತಿರುತ್ತದೆ. ಮೊದಲ 8 ಅದರ ಬಲ: ಚದರ ಮಿಲಿಮೀಟರಿಗೆ 800 ನ್ಯೂಟನ್, ಎಂದರೆ ಸುಮಾರು 80 ಕೆ.ಜಿ. ಎಳೆತ. ಚುಕ್ಕೆಯ ಆಚೆಗಿನ 8, ಅದರ ಶೇ 80ರವರೆಗೆ ಎಳೆದರೂ ಬೋಲ್ಟು ಮೊದಲಿನ ಉದ್ದಕ್ಕೆ ಮರಳುತ್ತದೆ ಎಂಬುದರ ಸೂಚನೆ. ಚಾವಣಿಯ ಸ್ಕ್ರೂಗಳದ್ದು ಇನ್ನೊಂದು ಕಥೆ. ಸಡಿಲ ಬಿಟ್ಟರೆ ಮಳೆನೀರು ಸೋರುತ್ತದೆ, ವಿಪರೀತ ಬಿಗಿದರೆ ರಬ್ಬರ್ ವಾಷರ್ ಹಿಸುಕಿಹೋಗಿ ಆಗಲೂ ಸೋರುತ್ತದೆ.

ಉಕ್ಕು ಉರಿಯುವುದಿಲ್ಲ, ಆದರೆ 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಬೆಂಕಿಯ ಭಯವಿರುವ ಗೋದಾಮಿನಲ್ಲಿ ವಿಶೇಷ ಲೇಪನ ಬೇಕೇ ಬೇಕು. ಕರಾವಳಿಯ ಉಪ್ಪುಗಾಳಿಗೆ ಬಣ್ಣದ ಖರ್ಚು ಜಾಸ್ತಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬರಿ ತಗಡಿನಡಿ ಕೆಲಸ ಮಾಡುವುದು ಶಿಕ್ಷೆಯೇ ಸರಿ. ಶೀಟಿನ ಕೆಳಗೆ ಗಾಜಿನುಣ್ಣೆಯ ಹಾಸು ಹಾಕಿಸುವುದಾದರೆ ಆರ್ಡರ್ ಕೊಡುವಾಗಲೇ ಹೇಳಿ; ಚಾವಣಿ ಮುಚ್ಚಿದ ಮೇಲೆ ಅದೇ ಕೆಲಸಕ್ಕೆ ಶ್ರಮವೂ ಜಾಸ್ತಿ, ದುಡ್ಡೂ ಜಾಸ್ತಿ.